ಪೋಲ್ಕಾ-ಡಾಟ್ ಮ್ಯಾನ್ ಡ್ರೆಸ್: ಬಿಳಿ ಕೊಟ್ಟರೆ ಕಾಲಿನ ಚುಕ್ಕಿ ಕೆಂಪಾಗುತ್ತಿವೆ, ಅರ್ಜೆಂಟ್!

ಬೆಣ್ಣೆದೋಸೆ (ದಾವಣಗೆರೆ)
ತಲೆ ಕೆಟ್ಟುಹೋಗಿದೆ. ಶನಿವಾರ ಕಾಲೇಜು ಫೆಸ್ಟ್, ನಾನು ಪೋಲ್ಕಾ-ಡಾಟ್ ಮ್ಯಾನ್, ಬ್ಯಾಟ್‌ಮ್ಯಾನ್ ಕಾಮಿಕ್ಸಿನ ಚುಕ್ಕಿ ಡ್ರೆಸ್ಸಿನ ವಿಲನ್. ಬಿಳಿ ಅಂಗಿ-ಪ್ಯಾಂಟಿನ ಮೇಲೆ 48 ಚುಕ್ಕಿ, ಒಂದೊಂದರ ಹಿಂದೆ ಒಂದೊಂದು ಬಣ್ಣ ಬದಲಿಸುವ ಡಬ್ಲ್ಯುಎಸ್2812ಬಿ ಎಲ್‌ಇಡಿ. ಕೆಂಪು ಕೊಟ್ಟರೆ ಎಲ್ಲವೂ ಸೊಗಸಾಗಿ ಕೆಂಪು. ಬಿಳಿ ಕೊಟ್ಟರೆ ಎದೆ ಮೇಲೆ ಬಿಳಿ, ಸೊಂಟಕ್ಕೆ ಬರುವಷ್ಟರಲ್ಲಿ ಹಳದಿ, ಪಾದದ ಹತ್ತಿರ ಇಟ್ಟಿಗೆ ಬಣ್ಣ. ಕೋಡ್ ಮೂರು ಸಲ ಬರೆದೆ. ಅಂಗಡಿಯವನು ಡೂಪ್ಲಿಕೇಟ್ ದೀಪ ಕೊಟ್ಟನಾ?

ಸೋಲ್ಡರ್‌ಸ್ವಾಮಿ
ಹಳೇ ರೋಗ. ಲೆವೆಲ್ ಶಿಫ್ಟರ್ (ಸಿಗ್ನಲ್ ವೋಲ್ಟೇಜ್ ಏರಿಸುವ ಚಿಪ್) ಹಾಕಿಲ್ಲ ಅಲ್ವಾ? ಇಎಸ್‌ಪಿ ಅನ್ನೋ ಕಂಟ್ರೋಲರ್ ಬೋರ್ಡಿನಿಂದ ದೀಪಕ್ಕೆ ಹೋಗುವ ಡೇಟಾ ಸಿಗ್ನಲ್ 3.3 ವೋಲ್ಟ್. 5 ವೋಲ್ಟಿನಲ್ಲಿ ಓಡುವ ದೀಪಕ್ಕೆ ಕಡೇಪಕ್ಷ 3.5 ಬೇಕು. 74ಎಚ್‌ಸಿಟಿ125 ಶಿಫ್ಟರ್ ಹಾಕಿ, ಮುಗೀತು.

ದುರ್ಗದಹುಡುಗ (ಚಿತ್ರದುರ್ಗ)
ಅದಿರಲಿ, ಪೋಲ್ಕಾ-ಡಾಟ್ ಮ್ಯಾನ್ ಸೂಪರ್‌ವಿಲನ್ನೇ ಅಲ್ಲ. ಪವರ್ ಎಲ್ಲಿದೆ? ಡಿಟೆಕ್ಟಿವ್ ಕಾಮಿಕ್ಸ್ 300ನೇ ಸಂಚಿಕೆ, 1962. ಡ್ರೆಸ್ಸಿನಿಂದ ಚುಕ್ಕಿ ಕಿತ್ತರೆ ಅದು ದೊಡ್ಡದಾಗಿ ಹಾರುವ ತಟ್ಟೆ ಆಗುತ್ತದೆ, ಹತ್ತಿ ಪರಾರಿ. ಶಕ್ತಿ ಅಂಗಿಯದ್ದು, ಅವನದ್ದಲ್ಲ. ಟೈಲರಿಗೆ ಕೊಡಬೇಕು ಮರ್ಯಾದೆ.

ಮಂಡಕ್ಕಿಮಿರ್ಚಿ
2021ರ ‘ದಿ ಸೂಯಿಸೈಡ್ ಸ್ಕ್ವಾಡ್’ ಸಿನಿಮಾ ನೋಡಿಲ್ವಾ? ಅದರಲ್ಲಿ ಚುಕ್ಕಿ ಅವನ ಮೈಯಿಂದಲೇ ಬರುತ್ತವೆ. ಬೇರೆ ಲೋಕದ ವೈರಸ್ಸು. ದಿನಕ್ಕೆ ಎರಡು ಸಲ ಹೊರಗೆ ಹಾಕದಿದ್ದರೆ ಅವನನ್ನೇ ತಿಂದುಹಾಕುತ್ತವೆ. ಇದು ಪವರ್ ಅಲ್ಲದೆ ಇನ್ನೇನು?

ದುರ್ಗದಹುಡುಗ
ಅದು ಕಾಯಿಲೆ ಮಾರಾಯ.

ಸೋಲ್ಡರ್‌ಸ್ವಾಮಿ
ಡೇಟಾ ವೈರಿಗೆ 330 ಓಮ್ ರೆಸಿಸ್ಟರ್ ಕೂಡ ಹಾಕಿ. ಶಿಫ್ಟರ್ ಬೋರ್ಡಿನ ಪಕ್ಕದಲ್ಲೇ ಇರಲಿ. ಇಎಸ್‌ಪಿ ತಗೊಂಡವರೆಲ್ಲ ಇದೇ ತಪ್ಪು ಮಾಡುತ್ತಾರೆ.

ಬೆಣ್ಣೆದೋಸೆ
ಸ್ವಾಮಿಗಳೇ, ಇಎಸ್‌ಪಿ ಅಂತ ನಾನೆಲ್ಲಿ ಹೇಳಿದೆ? ನನ್ನದು ಆರ್ಡುಯಿನೋ ನ್ಯಾನೋ ಬೋರ್ಡ್. ಅದರ ಡೇಟಾ 5 ವೋಲ್ಟೇ.

ಸೋಲ್ಡರ್‌ಸ್ವಾಮಿ
ಮೊದಲೇ ಹೇಳಬಾರದಾ! ಆದರೂ ಶಿಫ್ಟರ್ ಹಾಕಿದರೆ ನಷ್ಟ ಏನಿಲ್ಲ.

ದುರ್ಗದಹುಡುಗ
ನಾನು ಹೋದ ವರ್ಷ ಸ್ಪೈಡರ್‌ಮ್ಯಾನ್ ವಿಲನ್ ಡಾಕ್ಟರ್ ಆಕ್ಟೋಪಸ್ ಮಾಡಿದ್ದೆ. ಬೆನ್ನಿಗೆ ನಾಲ್ಕು ಕೈ, ಎ.ಸಿ. ಪೈಪಿಗೆ ಸುತ್ತುವ ಕಪ್ಪು ಸ್ಪಂಜಿನ ಕೊಳವೆ, ಕೈಗೆರಡು ಎಂಜಿ996ಆರ್ ಸರ್ವೋ ಮೋಟರ್. ಕೋಟೆ ಮೆಟ್ಟಿಲಲ್ಲಿ ಫೋಟೋ ತೆಗೆಸಿದೆ. ಒನಕೆ ಎಲ್ಲಿ ಅಂತ ಕೇಳಿದರು ಜನ. ಒಂದು ಚುಕ್ಕಿಯೂ ಕೆಂಪಾಗಲಿಲ್ಲ.

ರಿವೈಂಡಿಂಗ್‌ಅಣ್ಣ
ಪವರ್ ಎಲ್ಲಿಂದ ಬರ್ತಿದೆ ತಮ್ಮಾ? ವೈರ್ ಯಾವುದು? ಇಷ್ಟು ಹೊತ್ತು ಯಾರೂ ಕೇಳಲಿಲ್ಲವಲ್ಲ.

ಬೆಣ್ಣೆದೋಸೆ
ಮಾಮೂಲಿ ಪವರ್ ಬ್ಯಾಂಕ್, 2 ಆಂಪ್. ಅದು ನ್ಯಾನೋ ಯುಎಸ್‌ಬಿಗೆ, ನ್ಯಾನೋದ 5ವಿ ಪಿನ್ನಿನಿಂದ ದೀಪಕ್ಕೆ. ವೈರ್ ಹಳೇ ಇಯರ್‌ಫೋನ್‌ದು. ತೆಳ್ಳಗಿರುತ್ತೆ, ಬಟ್ಟೆ ಮೇಲೆ ಕಾಣಲ್ಲ ಅಂತ.

ರಿವೈಂಡಿಂಗ್‌ಅಣ್ಣ
ಅಯ್ಯೋ ಇಯರ್‌ಫೋನ್ ವೈರೇ! ದಾವಣಗೆರೆಯವನಾಗಿ ಭದ್ರಾ ನಾಲೆ ನೋಡಿಲ್ವಾ? ಮೇಲಿನವರು ಎಳೆದುಕೊಂಡು ಮಿಕ್ಕಿದರೆ ಕೊನೆಭಾಗದವರಿಗೆ ನೀರು. ನಿನ್ನ ಪಾದ ಕೊನೆಭಾಗ. ಪೂರ್ತಿ ಬಿಳಿಗೆ ಒಂದು ದೀಪ ಸುಮಾರು 60 ಮಿಲಿಆಂಪ್ ಎಳೆಯುತ್ತದೆ, 48ಕ್ಕೆ ಹತ್ತಿರ ಹತ್ತಿರ 2.9 ಆಂಪ್. ಪವರ್ ಬ್ಯಾಂಕೂ ಸಾಲದು, ಆ ಕೂದಲೆಳೆ ವೈರೂ ಸಾಲದು. ನೀಲಿ, ಹಸಿರು ಉರಿಯೋಕೆ 3 ವೋಲ್ಟ್ ಆಸುಪಾಸು ಬೇಕು, ಕೆಂಪಿಗೆ 2 ಸಾಕು. ವೋಲ್ಟೇಜ್ ಬಿದ್ದಾಗ ಆ ಎರಡು ಮೊದಲು ಮಂಕಾಗುತ್ತವೆ, ಕೆಂಪು ಉಳಿಯುತ್ತದೆ. ಕೊನೇ ಚುಕ್ಕಿಗೆ ಮೀಟರ್ ಇಟ್ಟು ನೋಡು.

ಬೆಣ್ಣೆದೋಸೆ
ಮೊದಲನೇದಕ್ಕೆ 4.6. ಕೊನೇದಕ್ಕೆ 3.2. 😐

ರಿವೈಂಡಿಂಗ್‌ಅಣ್ಣ
ಸಿಕ್ಕಿತಲ್ಲ. ಪವರನ್ನ ನ್ಯಾನೋ ಒಳಗಿಂದ ತರಬೇಡ. ಪವರ್ ಬ್ಯಾಂಕಿನಿಂದ ಎದೆಗೆ, ಸೊಂಟಕ್ಕೆ, ಎರಡೂ ಕಾಲಿಗೆ ಬೇರೆ ಬೇರೆ ದಪ್ಪ ವೈರ್ ಎಳಿ. ನ್ಯಾನೋ ಗ್ರೌಂಡೂ ಅದಕ್ಕೇ ಸೇರಲಿ. ಕೋಡಲ್ಲಿ ಬ್ರೈಟ್‌ನೆಸ್ 255ರಿಂದ 80ಕ್ಕೆ ಇಳಿಸು, ಆಗ 1 ಆಂಪ್ ಒಳಗೇ ಇರುತ್ತದೆ. ಕತ್ತಲೆ ಸ್ಟೇಜಿಗೆ ಅದೇ ಜಾಸ್ತಿ.

ಸೋಲ್ಡರ್‌ಸ್ವಾಮಿ
ಪವರ್ ವೈರಿನ ಶುರುವಿನಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಇದನ್ನೇ ಹೇಳುವವನಿದ್ದೆ.

ಮಂಡಕ್ಕಿಮಿರ್ಚಿ
ಹೌದು ಹೌದು, ಹೇಳುವವರಿದ್ದಿರಿ.

ಬೆಣ್ಣೆದೋಸೆ
ರಾತ್ರಿ ಎರಡಕ್ಕೆ ಮುಗೀತು. ತಲೆಯಿಂದ ಪಾದದವರೆಗೆ ಹಾಲಿನಂಥ ಬಿಳಿ! ಅಣ್ಣಾ, ಮಂಡಕ್ಕಿ-ಮಿರ್ಚಿ ನನ್ನ ಲೆಕ್ಕ. ಆದರೆ ಕೂತರೆ ಎಡ ಮೊಣಕಾಲಿನಿಂದ ಕೆಳಗೆ ಎಲ್ಲ ಆರಿಹೋಗುತ್ತಿವೆ. ನಿಂತರೆ ಬರುತ್ತವೆ.

ರಿವೈಂಡಿಂಗ್‌ಅಣ್ಣ
ಮೊಣಕಾಲಿನ ಹತ್ತಿರ ಪವರ್ ಬೆಸುಗೆ ಬಿಟ್ಟಿದೆ. ಅಲ್ಲಿ ಪವರ್ ತಪ್ಪಿದರೆ ಕೆಳಗಿನವಕ್ಕೂ ಹೋಗಲ್ಲ. ಮತ್ತೆ ಬೆಸೆದು ಮೇಲೆ ಹಾಟ್ ಗ್ಲೂ ಹಾಕು, ವೈರಿಗೆ ಸ್ವಲ್ಪ ಸಡಿಲ ಬಿಡು.

ಬೆಣ್ಣೆದೋಸೆ
ಸೋಲ್ಡರ್ ತಂತಿ ಖಾಲಿ. ಈಗ ಯಾವ ಅಂಗಡಿಯೂ ತೆಗೆದಿರಲ್ಲ. ಬೆಳಿಗ್ಗೆ ಎಂಟಕ್ಕೇ ಸ್ಟೇಜು.

ರಿವೈಂಡಿಂಗ್‌ಅಣ್ಣ
ಹಂಗಾದ್ರೆ ಕೂರಬೇಡ.