ಲಿಂಟಲ್‌ನಲ್ಲಿ ಬಿಟ್ ಸಿಕ್ಕಿಕೊಂಡು ಹ್ಯಾಮರ್ ಡ್ರಿಲ್ ಕೈ ತಿರುಚಿತು: ಸುರಕ್ಷಿತವಾಗಿ ಬಳಸುವ ಕ್ರಮ ಯಾವುದು?

ಪ್ರಶ್ನೆ: ಹೊಸಮನೆ_ತುಮಕೂರು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ನಾವು ಹೊಸ ಮನೆಗೆ ಬಂದೆವು. ಪರದೆಯ ರಾಡು, ದೇವರ ಮನೆಯ ಹಲಗೆ, ಕನ್ನಡಿ ಮುಂತಾದವನ್ನು ನಾನೇ ಗೋಡೆಗೆ ಕೂರಿಸಬೇಕೆಂದು 650 ವ್ಯಾಟಿನ, 13 ಮಿ.ಮೀ. ಚಕ್ (ಕೊರೆಯುವ ಬಿಟ್ಟನ್ನು ಹಿಡಿಯುವ ಬಾಯಿ) ಇರುವ, ಕರೆಂಟಿಗೆ ವೈರು ಹಾಕಿ ಬಳಸುವ ಹ್ಯಾಮರ್ ಡ್ರಿಲ್ ಕೊಂಡೆ. ಇಟ್ಟಿಗೆ ಗೋಡೆಯಲ್ಲಿ ಐದಾರು ತೂತು ಸಲೀಸಾಗಿ ಬಿದ್ದವು. ಕಳೆದ ಭಾನುವಾರ ಕಿಟಕಿಯ ಮೇಲೆ ಪರದೆಯ ಬ್ರಾಕೆಟ್ಟಿಗಾಗಿ 8 ಮಿ.ಮೀ. ತೂತು ಕೊರೆಯುತ್ತಿದ್ದಾಗ, ಬಿಟ್ ಸುಮಾರು ಒಂದೂವರೆ ಅಂಗುಲ ಒಳಹೋದ ಮೇಲೆ ತಟಕ್ಕನೆ ಕಚ್ಚಿಕೊಂಡಿತು. ಬಿಟ್ ನಿಂತರೂ ಮೋಟಾರು ನಿಲ್ಲಲಿಲ್ಲ. ಯಂತ್ರದ ಇಡೀ ಮೈ ತಿರುಗಿ ನನ್ನ ಬಲಗೈಯ ಮಣಿಕಟ್ಟನ್ನು ಹಿಂಡಿಬಿಟ್ಟಿತು.

ಆಗ ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು, ಎಡಗೈಯಲ್ಲಿ ಕಿಟಕಿಯ ಕಬ್ಬಿಣದ ಸರಳನ್ನು ಹಿಡಿದುಕೊಂಡಿದ್ದೆ. ಬೆರಳು ನೋಯುತ್ತದೆಂದು ಟ್ರಿಗರ್ ಪಕ್ಕದ ಲಾಕ್ ಗುಂಡಿಯನ್ನೂ ಒತ್ತಿಟ್ಟಿದ್ದೆ. ಕೆಳಗಿದ್ದ ಹೆಂಡತಿ ಓಡಿಹೋಗಿ ಸ್ವಿಚ್ ಆರಿಸದಿದ್ದರೆ ಏನಾಗುತ್ತಿತ್ತೋ ತಿಳಿಯದು. ಮೂಳೆ ಮುರಿದಿಲ್ಲ, ಆದರೆ ಊತ ಇನ್ನೂ ಇಳಿದಿಲ್ಲ. ಇನ್ನು ಮೂರು ಕಿಟಕಿಗಳೂ ಸ್ನಾನದ ಮನೆಯ ಕನ್ನಡಿಯೂ ಬಾಕಿ ಇವೆ. ತಪ್ಪು ಎಲ್ಲಿ ಆಯಿತು, ಮುಂದೆ ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ಸೈಟ್_ಮೇಸ್ತ್ರಿ

ಕೈ ಉಳಿದದ್ದು ದೊಡ್ಡದು. ಊತ ಇಳಿಯುವವರೆಗೆ ಡ್ರಿಲ್ ಮುಟ್ಟಬೇಡಿ, ಏಕೆಂದರೆ ನೋಯುವ ಮಣಿಕಟ್ಟಿಗೆ ಎರಡನೆಯ ಹೊಡೆತವನ್ನು ತಡೆಯುವ ಬಲ ಇರುವುದಿಲ್ಲ.

ನಿಮ್ಮ ಬಿಟ್ ಕಚ್ಚಿಕೊಂಡದ್ದು ಬಹುಮಟ್ಟಿಗೆ ಲಿಂಟಲ್‌ನ, ಅಂದರೆ ಕಿಟಕಿಯ ಮೇಲಿನ ಅಡ್ಡ ತೊಲೆಯ, ಕಂಬಿಗೆ. ಪರದೆಯ ಬ್ರಾಕೆಟ್ಟು ಕಿಟಕಿಯ ಮೇಲೆ ಎರಡು ಮೂರು ಅಂಗುಲದಲ್ಲಿ ಬರುತ್ತದೆ, ಸಾಮಾನ್ಯವಾಗಿ ಆರು ಅಂಗುಲ ಎತ್ತರದ ಕಾಂಕ್ರೀಟ್ ಲಿಂಟಲ್ ಇರುವುದೂ ಅಲ್ಲಿಯೇ. ಮೇಲೆ 12ರಿಂದ 15 ಮಿ.ಮೀ. ಗಾರೆ, ಅದರ ಹಿಂದೆ 20ರಿಂದ 25 ಮಿ.ಮೀ. ಕಾಂಕ್ರೀಟು, ಅದರ ಹಿಂದೆ ಕಂಬಿ. ಲೆಕ್ಕ ಹಾಕಿದರೆ ನೀವು ಹೇಳಿದ ಒಂದೂವರೆ ಅಂಗುಲವೇ ಆಗುತ್ತದೆ. ಕಂಬಿ ಹತ್ತಿರ ಬಂದಾಗ ಡ್ರಿಲ್ ತಾನೇ ಸೂಚನೆ ಕೊಡುತ್ತದೆ: ಅದುವರೆಗೆ ಗೊರಗೊರ ಎನ್ನುತ್ತಿದ್ದ ಸದ್ದು ಲೋಹದ ಕಿರುಚಾಟವಾಗುತ್ತದೆ, ಎಷ್ಟು ಒತ್ತಿದರೂ ಬಿಟ್ ಮುಂದೆ ಹೋಗುವುದಿಲ್ಲ, ಕೈಗೆ ಪುಟಿತ ತಿಳಿಯುತ್ತದೆ. ಆ ಕ್ಷಣದಲ್ಲಿ ಇನ್ನಷ್ಟು ಬಲ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಬಿಟ್ಟನ್ನು ಹೊರತೆಗೆದು ತೂತನ್ನು ಒಂದಂಗುಲ ಪಕ್ಕಕ್ಕೆ ಅಥವಾ ಮೇಲಕ್ಕೆ ಸರಿಸಿ. ಹಳೆಯ ತೂತನ್ನು ಪುಟ್ಟಿಯಲ್ಲಿ ಮುಚ್ಚಿದರಾಯಿತು.

ಇನ್ನು ಲಾಕ್ ಗುಂಡಿಯ ವಿಷಯ. ಡ್ರಿಲ್ಲನ್ನು ಸ್ಟ್ಯಾಂಡಿಗೆ ಬಿಗಿದು ಮಾಡುವ ಕೆಲಸಕ್ಕೆ ಅದು ಸರಿ, ಕೈಯಲ್ಲಿ ಹಿಡಿದು ಗೋಡೆ ಕೊರೆಯುವಾಗ ಅದನ್ನು ಮುಟ್ಟಲೇಬಾರದು. ಬಿಟ್ ಕಚ್ಚಿಕೊಂಡಾಗ ನಮ್ಮ ಬೆರಳು ಸಡಿಲಿದರೆ ಯಂತ್ರ ನಿಲ್ಲಬೇಕು, ನಮ್ಮನ್ನು ಕಾಪಾಡುವುದು ಅದೊಂದೇ. ನಮ್ಮ ಊರುಗಳಲ್ಲಿ ಇನ್ನೊಂದು ತೊಂದರೆಯೂ ಇದೆ. ಲಾಕ್ ಒತ್ತಿರುವಾಗ ಕರೆಂಟು ಹೋಗುತ್ತದೆ, ನಾವು ಡ್ರಿಲ್ಲನ್ನು ಹಾಗೆಯೇ ನೆಲದ ಮೇಲಿಟ್ಟು ಕಾಫಿಗೆ ಹೋಗುತ್ತೇವೆ, ಕರೆಂಟು ಮರಳಿ ಬಂದ ಕೂಡಲೇ ಅದು ಮಗುವಿನ ಕಾಲ ಬಳಿ ತಾನಾಗಿ ತಿರುಗತೊಡಗುತ್ತದೆ. ಪ್ಲಗ್ ಚುಚ್ಚುವ ಮುನ್ನ ಟ್ರಿಗರನ್ನು ಒಮ್ಮೆ ಒತ್ತಿ ಬಿಟ್ಟು ಲಾಕ್ ಬಿದ್ದಿಲ್ಲವೆಂದು ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ.

ಡ್ರಿಲ್ ಜೊತೆಗೆ ಬಂದ ಪಕ್ಕದ ಹಿಡಿಯನ್ನು ಡಬ್ಬಿಯಿಂದ ಹೊರತೆಗೆದು ಬಿಗಿಯಾಗಿ ಕೂರಿಸಿ. ಯಂತ್ರದ ಮೈಯನ್ನೇ ಹಿಡಿಯುವುದಕ್ಕೂ ಈ ಹಿಡಿಯನ್ನು ಹಿಡಿಯುವುದಕ್ಕೂ ಇರುವ ವ್ಯತ್ಯಾಸವೆಂದರೆ, ಅದು ಯಂತ್ರದ ಮಧ್ಯದಿಂದ ದೂರ ಇರುವುದರಿಂದ ತಿರುಚುವ ಬಲವನ್ನು ಕಡಿಮೆ ಶ್ರಮದಲ್ಲಿ ತಡೆಯಬಹುದು. ಎರಡೂ ಕೈ ಯಂತ್ರದ ಮೇಲಿರಬೇಕೆಂದರೆ ಕಾಲಿಗೆ ಭದ್ರವಾದ ನೆಲೆ ಬೇಕು, ಆದ್ದರಿಂದ ಸ್ಟೂಲನ್ನು ಬಿಟ್ಟು ಎ ಆಕಾರದ ಏಣಿಯನ್ನು ತನ್ನಿ. ತೂತು ನಿಮ್ಮ ಎದೆಯ ಮಟ್ಟಕ್ಕೆ ಬರುವಷ್ಟು ಹತ್ತಿ, ಆದರೆ ತುದಿಯ ಮೆಟ್ಟಿಲ ಮೇಲೆ ನಿಲ್ಲಬೇಡಿ.

ಬಿಟ್ ಮತ್ತೆ ಸಿಕ್ಕಿಕೊಂಡರೆ ಮೊದಲು ಟ್ರಿಗರ್ ಬಿಡಿ, ಯಂತ್ರ ಪೂರ್ತಿ ನಿಂತ ಮೇಲೆ ರಿವರ್ಸ್‌ಗೆ ಹಾಕಿ ನಿಧಾನವಾಗಿ ಬಿಡಿಸಿ. ಅದೂ ಆಗದಿದ್ದರೆ ಪ್ಲಗ್ ಕಿತ್ತು, ಚಕ್ ಸಡಿಲಿಸಿ, ಬಿಟ್ಟನ್ನು ಗೋಡೆಯಲ್ಲೇ ಬಿಟ್ಟು, ಪಾನದಿಂದ (ಸ್ಪ್ಯಾನರ್) ತಿರುಗಿಸಿ ತೆಗೆಯಬೇಕು. ಚಕ್ ಬಿಗಿಯುವಾಗ ಕೀಯನ್ನು ಒಂದೇ ತೂತಿನಲ್ಲಿ ತಿರುಗಿಸಿ ಬಿಡುವವರೇ ಹೆಚ್ಚು. ಸುತ್ತಲಿನ ಮೂರು ತೂತುಗಳಲ್ಲೂ ತಿರುಗಿಸಿದರೆ ಮಾತ್ರ ಬಿಟ್ ಸಮನಾಗಿ ಕೂರುತ್ತದೆ. ಕೀಯನ್ನು ಚಕ್ಕಿನಲ್ಲೇ ಮರೆತು ಟ್ರಿಗರ್ ಒತ್ತಿದರೆ ಅದು ಕವಣೆಕಲ್ಲಿನಂತೆ ಹಾರುತ್ತದೆ.

ಉತ್ತರ 2: ವೈರಿಂಗ್_22ವರ್ಷ

ಮೇಸ್ತ್ರಿಗಳು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ನಡುಗಿಸಿದ್ದು ಲಾಕ್ ಗುಂಡಿಯಲ್ಲ, ಎಡಗೈಯಲ್ಲಿ ಹಿಡಿದಿದ್ದ ಕಬ್ಬಿಣದ ಸರಳು. ಬಲಗೈಯ ಡ್ರಿಲ್ ಗೋಡೆಯೊಳಗಿನ ತಂತಿಗೆ ತಾಗಿ, ಕೈ ಚಕ್ಕಿಗೆ ತಗುಲಿದ್ದರೆ, ವಿದ್ಯುತ್ತು ಒಂದು ಕೈಯಿಂದ ಹೊಕ್ಕು ಎದೆಯನ್ನು ದಾಟಿ ಇನ್ನೊಂದು ಕೈಯಿಂದ ಹೊರಬೀಳುವ ದಾರಿಯನ್ನು ನೀವೇ ಮಾಡಿಕೊಟ್ಟಿದ್ದಿರಿ. ಕೊರೆಯುವಾಗ ಗ್ರಿಲ್ಲು, ನಲ್ಲಿ, ಪೈಪು ಯಾವುದನ್ನೂ ಮುಟ್ಟಬೇಡಿ. ಒಣಗಿದ ನೆಲದ ಮೇಲೆ, ರಬ್ಬರ್ ಅಟ್ಟೆಯ ಶೂ ಹಾಕಿಕೊಂಡು ನಿಲ್ಲಿ.

ಡ್ರಿಲ್ ಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಇಮ್ಮಡಿ ನಿರೋಧಕ ಇರುವ ಯಂತ್ರವೆಂದು ಅರ್ಥ, ಅದಕ್ಕೇ ಎರಡೇ ಪಿನ್ನಿನ ಪ್ಲಗ್ ಇರುತ್ತದೆ. ಯಂತ್ರದ ಒಳಗಿನ ದೋಷದಿಂದ ಮಾತ್ರ ಅದು ಕಾಪಾಡುತ್ತದೆ. ಬಿಟ್ ಹೋಗಿ ಗೋಡೆಯ ತಂತಿಗೆ ತಾಗಿದರೆ ಬಿಟ್ಟಿಗೂ ಚಕ್ಕಿಗೂ ಕರೆಂಟು ಬರಬಹುದು. ಆದ್ದರಿಂದ ಕೈಗಳು ಪ್ಲಾಸ್ಟಿಕ್ ಹಿಡಿಗಳ ಮೇಲೆಯೇ ಇರಲಿ.

ತಂತಿ ಎಲ್ಲಿದೆ ಎಂದು ಊಹಿಸುವ ಮೊದಲ ಸೂತ್ರ ಸರಳವಾಗಿದೆ: ನಮ್ಮ ಮನೆಗಳಲ್ಲಿ ಸ್ವಿಚ್‌ಬೋರ್ಡಿನಿಂದ ಪೈಪು ಸಾಮಾನ್ಯವಾಗಿ ನೇರವಾಗಿ ಮೇಲಕ್ಕೆ ತಾರಸಿಯವರೆಗೆ ಹೋಗುತ್ತದೆ, ಕೆಲವೊಮ್ಮೆ ಪಕ್ಕದ ಬೋರ್ಡಿಗೆ ಅಡ್ಡಲಾಗಿ ಹೋಗುತ್ತದೆ. ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕದ ಅಡ್ಡ ಸಾಲಿನಲ್ಲಿ ಕೊರೆಯಬೇಡಿ. ನಾಲ್ಕು ಅಂಗುಲದ ಗೋಡೆಯಾದರೆ ಆಚೆ ಕೋಣೆಗೂ ಹೋಗಿ ನೋಡಿ, ಅಲ್ಲಿಯ ಬೋರ್ಡಿನ ಪೈಪು ನಿಮ್ಮ ತೂತಿನ ಹಿಂದೆಯೇ ಇರಬಹುದು. ತಾರಸಿಯ ಸ್ಲ್ಯಾಬಿನಲ್ಲಿ ಮಾತ್ರ ಈ ಸೂತ್ರ ನಡೆಯುವುದಿಲ್ಲ, ಅಲ್ಲಿ ಫ್ಯಾನಿನ ಪೈಪುಗಳು ಯಾವ ದಿಕ್ಕಿಗೂ ಹಾದಿರುತ್ತವೆ. ಹೊಸ ಮನೆ ಎಂದಿರಿ. ಗಾರೆ ಮಾಡುವ ಮೊದಲು ಪೈಪುಗಳ ಫೋಟೋ ತೆಗೆದಿದ್ದರೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇರೆ ಇಲ್ಲ. ಸ್ನಾನದ ಮನೆಯಲ್ಲಿ ನೀರಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪನ್ನು ಲೋಹ ಹುಡುಕುವ ಉಪಕರಣ ತೋರಿಸುವುದಿಲ್ಲ, ಆದ್ದರಿಂದ ನಲ್ಲಿ ಮತ್ತು ಗೀಸರಿನ ನೇರದಲ್ಲಿ ಕೊರೆಯದಿರುವುದೇ ದಾರಿ.

ಕೊರೆಯುವ ಗೋಡೆಯ ಎಂಸಿಬಿಯನ್ನು (ಮೇನ್ ಬೋರ್ಡಿನಲ್ಲಿ ಆ ಸರ್ಕ್ಯೂಟಿಗಿರುವ ಸ್ವಿಚ್ಚನ್ನು) ಆರಿಸಿ, ಇನ್ನೊಂದು ಸರ್ಕ್ಯೂಟಿನ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ಎಳೆದುಕೊಳ್ಳಿ. ಮನೆಯಲ್ಲಿ ಯುಪಿಎಸ್ ಇದ್ದರೆ ಬಹಳ ಎಚ್ಚರ: ಮೇನ್ ಆರಿಸಿದ ಕೂಡಲೇ ಅದು ಬ್ಯಾಟರಿಯಿಂದ ಲೈಟು, ಫ್ಯಾನುಗಳ ತಂತಿಗೆ 230 ವೋಲ್ಟ್ ಕೊಡತೊಡಗುತ್ತದೆ, ಮೇನ್ ಬಳಿಯ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಆ ತಂತಿಯನ್ನು ಕಾಯುವುದೂ ಇಲ್ಲ. ಯುಪಿಎಸ್ಸನ್ನು ಬೇರೆಯಾಗಿ ಆರಿಸಿ, ಟೆಸ್ಟರ್ ಇಟ್ಟು ನೋಡಿ. ಆ ಟೆಸ್ಟರನ್ನು ಮೊದಲು ಕರೆಂಟಿರುವ ಪಾಯಿಂಟಿನಲ್ಲಿ ಪರೀಕ್ಷಿಸಿದ ಮೇಲೆಯೇ ಅದರ ಮಾತನ್ನು ನಂಬಿ.

ವೈರಿನ ಬಗ್ಗೆ ಒಂದು ಮಾತು. 650 ವ್ಯಾಟಿಗೆ ಮೂರು ಆಂಪಿಯರ್‌ಗೂ ಕಡಿಮೆ ಸಾಕು, ಆದರೂ ಅಗ್ಗದ ಸಣ್ಣ ವೈರಿನ ಎಕ್ಸ್‌ಟೆನ್ಷನ್ ಬೇಡ, 1.5 ಚದರ ಮಿ.ಮೀ. ಮೂರು ತಂತಿಯದು ಇರಲಿ. ಸುರುಳಿಯನ್ನು ಪೂರ್ತಿ ಬಿಚ್ಚಿಕೊಳ್ಳಿ, ಸುತ್ತಿಟ್ಟರೆ ಒಳಗೇ ಕಾಯುತ್ತದೆ. ಪ್ಲಗ್ ಇಲ್ಲದ ತಂತಿಯ ತುದಿಗಳನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತುರುಕುವ ಪದ್ಧತಿಯನ್ನು ಸೈಟುಗಳಲ್ಲಿ ಇಂದಿಗೂ ನೋಡುತ್ತಿದ್ದೇನೆ, ನೋಡಿದಾಗಲೆಲ್ಲ ಜಗಳ ಮಾಡಿಯಾದರೂ ತೆಗೆಸುತ್ತೇನೆ. ಬ್ರಿಟನ್ನಿನ ಕಟ್ಟಡ ಕಾಮಗಾರಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ಕೈಯಂತ್ರಗಳಿಗೆ 110 ವೋಲ್ಟ್ ಕೊಡುವ ರೂಢಿ ಇದೆ, ಅಲ್ಲಿ ಭೂಮಿಗೆ ಹೋಲಿಸಿದರೆ ತಂತಿಯಲ್ಲಿ 55 ವೋಲ್ಟ್ ಮಾತ್ರ. ನಮ್ಮ ಕೈಯಲ್ಲಿರುವುದು ಪೂರ್ತಿ 230, ಅದನ್ನು ಮರೆಯುವಂತಿಲ್ಲ.

ಉತ್ತರ 3: ಕರಾವಳಿಯವಳು

ನಮ್ಮದು ಪುತ್ತೂರು ಕಡೆಯ ಕೆಂಪು ಕಲ್ಲಿನ ಗೋಡೆ. ಇಲ್ಲಿ ಬಡಿಯುತ್ತ ಕೊರೆಯುವ ಹ್ಯಾಮರ್ ಮೋಡ್ ಹಾಕಿದರೆ ಕಲ್ಲು ಪುಡಿಯಾಗಿ 8 ಮಿ.ಮೀ. ತೂತು 12 ಆಗಿಬಿಡುತ್ತದೆ, ಹಾಗಾಗಿ ಬರೀ ತಿರುಗುವ ಮೋಡಿನಲ್ಲಿ ಕೊರೆಯುತ್ತೇನೆ. ಹಗುರವಾದ ಎಎಸಿ (ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟ್) ಬ್ಲಾಕಿಗೂ ಇದೇ ಕ್ರಮ. ಸ್ನಾನದ ಮನೆಯ ಟೈಲ್ಸ್ ದಾಟುವವರೆಗೂ ಹ್ಯಾಮರ್ ಬೇಡ; ಗುರುತಿನ ಮೇಲೆ ಕಾಗದದ ಟೇಪು ಅಂಟಿಸಿ, ಬಿಟ್ ಜಾರದಂತೆ ನಿಧಾನವಾಗಿ ಆರಂಭಿಸಿ. ಮೋಡ್ ಬದಲಿಸುವುದು ಯಂತ್ರ ನಿಂತ ಮೇಲೆ. ಹೆಂಗಸರು ಈ ಕೆಲಸ ಮಾಡುವಾಗ ಸೆರಗು, ದುಪ್ಪಟ್ಟ, ಜಡೆಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಸಡಿಲವಾದ ಬಟ್ಟೆಯ ಗ್ಲೌಸನ್ನು ಯಾರೂ ಹಾಕಬಾರದು, ತಿರುಗುವ ಚಕ್ ಅದರ ಒಂದು ಎಳೆಯನ್ನು ಹಿಡಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಪ್ರಶ್ನಿಸಿದವರು: ಹೊಸಮನೆ_ತುಮಕೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಮನೆಯಲ್ಲಿ ಯುಪಿಎಸ್ ಇದೆ, ಆ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಮೇನ್ ಆರಿಸಿ ಟೆಸ್ಟರ್ ಇಟ್ಟು ನೋಡಿದರೆ, ಅದೇ ಕಿಟಕಿಯ ಪಕ್ಕದ ಲೈಟ್ ಪಾಯಿಂಟಿನಲ್ಲಿ ದೀಪ ಹೊತ್ತಿತು. ಧೂಳಿನ ಬಗ್ಗೆಯೂ ಒಂದು ಸಂದೇಹವಿದೆ: ನಾಲ್ಕಾರು ತೂತುಗಳಿಗೆ ಮಾಸ್ಕ್ ಬೇಕೇ? ಹೆಂಡತಿ ಕೆಳಗೆ ಪೇಪರ್ ಹಿಡಿದು ನಿಲ್ಲುತ್ತಾಳೆ.

ಉತ್ತರ 4: ಸೈಟ್_ಮೇಸ್ತ್ರಿ

ಬೇಕು, ಇಬ್ಬರಿಗೂ ಬೇಕು. ಕಾಂಕ್ರೀಟಿನ ಮತ್ತು ಇಟ್ಟಿಗೆಯ ಧೂಳಿನಲ್ಲಿ ಸಿಲಿಕಾ ಇರುತ್ತದೆ; ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ವರ್ಷಗಟ್ಟಲೆ ಉಸಿರಾಡಿದವರಿಗೆ ವಾಸಿಯಾಗದ ಸಿಲಿಕೋಸಿಸ್ ಬರುತ್ತದೆ. ನಾಲ್ಕು ತೂತಿಗೆ ಆ ಕಾಯಿಲೆ ಬರುವುದಿಲ್ಲ, ಆದರೂ ಒಂದು ಎನ್95 ಮಾಸ್ಕಿನ ಬೆಲೆಗೆ ಹಿಂದೆಮುಂದೆ ನೋಡಬೇಡಿ. ಬಟ್ಟೆಯ ಮಾಸ್ಕು ಈ ಧೂಳನ್ನು ತಡೆಯುವುದಿಲ್ಲ. ನಿಮ್ಮವರು ತೂತಿನ ನೇರ ಕೆಳಗೆ ನಿಂತು ಮೇಲಕ್ಕೆ ನೋಡುವುದು ಮಾತ್ರ ಬೇಡ. ಕಾಗದವನ್ನು ದೋಣಿಯಂತೆ ಮಡಿಸಿ, ತೂತಿನ ಕೆಳಗೆ ಗೋಡೆಗೆ ಟೇಪಿನಿಂದ ಅಂಟಿಸಿದರೆ ಧೂಳೆಲ್ಲ ಅದರಲ್ಲೇ ಬೀಳುತ್ತದೆ. ಪಕ್ಕವೂ ಮುಚ್ಚಿರುವ ಕನ್ನಡಕ ಇಬ್ಬರಿಗೂ ಇರಲಿ.

ಕಿವಿಯನ್ನು ಯಾರೂ ನೆನೆಯುವುದಿಲ್ಲ. ಇಂಥ ಡ್ರಿಲ್‌ನ ಸದ್ದು ಕಾಂಕ್ರೀಟಿನಲ್ಲಿ 100 ಡೆಸಿಬೆಲ್ ಆಸುಪಾಸಿಗೆ ಏರುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಂತೆ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ ಮಿತಿಯಾದರೆ, 100ಕ್ಕೆ 15 ನಿಮಿಷ ಮಾತ್ರ. ನನ್ನ ಎಡಗಿವಿ ಈಗ ಸಣ್ಣ ಸದ್ದುಗಳನ್ನು ಹಿಡಿಯುವುದಿಲ್ಲ. ಫೋಮಿನ ಇಯರ್‌ಪ್ಲಗ್ ಹಾಕಿಕೊಳ್ಳಿ.

ಲಿಂಟಲ್‌ಗೆ ಮತ್ತೆ ಕೈ ಹಾಕುವಾಗ ಹೊಸ ಕಾರ್ಬೈಡ್ ತುದಿಯ ಬಿಟ್ ತನ್ನಿ, ತುದಿ ಮೊಂಡಾದರೆ ನಾವು ಹೆಚ್ಚು ಒತ್ತುತ್ತೇವೆ, ಒತ್ತಿದಷ್ಟೂ ಜಾರುವ ಭಯ. ಸ್ಕ್ರೂ ಹಿಡಿಯಲು ತೂತಿಗೆ ತುರುಕುವ 8 ಮಿ.ಮೀ. ಪ್ಲಾಸ್ಟಿಕ್ ಪ್ಲಗ್ 40 ಮಿ.ಮೀ. ಉದ್ದವಿರುತ್ತದೆ, ಬಿಟ್ಟಿನ ತುದಿಯಿಂದ 50 ಮಿ.ಮೀ. ಅಳೆದು ಟೇಪು ಸುತ್ತಿ, ಟೇಪು ಗೋಡೆ ಮುಟ್ಟಿದಾಗ ನಿಲ್ಲಿಸಿ. ನಡುನಡುವೆ ಬಿಟ್ ತಿರುಗುತ್ತಿರುವಾಗಲೇ ಅರ್ಧ ಹೊರಗೆಳೆದು ಪುಡಿ ತೆಗೆಯಿರಿ, ತುಂಬಿದ ಪುಡಿಯೂ ಬಿಟ್ಟನ್ನು ಕಚ್ಚುತ್ತದೆ. ಈ ಸಲ ಸ್ವಿಚ್ಚಿನ ಬಳಿ ನಿಮ್ಮವರನ್ನೇ ನಿಲ್ಲಿಸಿಕೊಳ್ಳಿ.