ಅಮ್ಮನಿಗೆ ಮೂರು ಗಂಟೆಗೇ ಎಚ್ಚರ, ತಮ್ಮನಿಗೆ ಹಗಲಿಡೀ ನಿದ್ದೆ: ನಿಮ್ಮ ಅನುಭವ ಹೇಳಿ

ಸುರತ್ಕಲ್‌ನಿಂದ: ಅಪ್ಪ ತೀರಿಹೋದ ಮೇಲೆ ಅಮ್ಮ ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ಊಟ ಕಡಿಮೆ, ಮಾತಿಲ್ಲ. ದುಬೈ ಕೆಲಸ ಬಿಟ್ಟು ಬಂದ ತಮ್ಮ ಹನ್ನೊಂದು ಗಂಟೆ ಮಲಗುತ್ತಾನೆ. ನೆಂಟರು ಅಮ್ಮನಿಗೆ “ನಮ್ಮ ಮೊಗವೀರ ಹೆಂಗಸರೆಲ್ಲ ಬೇಗ ಏಳುವವರೇ” ಅನ್ನುತ್ತಾರೆ, ತಮ್ಮನಿಗೆ “ಉದಾಸೀನ” ಅನ್ನುತ್ತಾರೆ. ಡಾಕ್ಟ್ರಿಗೆ ತೋರಿಸಬೇಕಾ?

ಮಲ್ಪೆಯಿಂದ: ತೋರಿಸಿ ಅಕ್ಕ. ನಮ್ಮದೂ ಮೀನಿನ ಮನೆ. ನನ್ನ ಅತ್ತೆ ಮೊದಲಿಂದಲೂ ನಸುಕಿಗೇ ಎದ್ದು ಬಂದರಿಗೆ ಹೋಗುತ್ತಿದ್ದವರು. ಆದರೆ ರಾತ್ರಿ ಎಂಟೂವರೆಗೆ ಮಲಗುತ್ತಿದ್ದರು, ಎದ್ದವರೇ ಚಾ ಕುಡಿದು ಬುಟ್ಟಿ ಎತ್ತುತ್ತಿದ್ದರು. ಖಿನ್ನತೆ ಬಂದಾಗ ಏಳುವ ಹೊತ್ತು ಹೆಚ್ಚು ಬದಲಾಗಲಿಲ್ಲ, ಅದಕ್ಕೇ ನಮಗೆ ಬೇಗ ಗೊತ್ತಾಗಲಿಲ್ಲ. ಎದ್ದು ಸುಮ್ಮನೆ ಕೂರುವುದು, ಬಂದರಿನ ಸುದ್ದಿಯೇ ಬೇಡ ಎನ್ನುವುದು ಶುರುವಾಯಿತು. ಮಾತ್ರೆ ಹಿಡಿಯಲು ಕೆಲವು ವಾರ ಬೇಕಾಯಿತು. ಮಧ್ಯದಲ್ಲಿ ಬಿಡಬೇಡಿ.

ದೇರಳಕಟ್ಟೆಯಿಂದ (ನರ್ಸ್): “ನಮ್ಮವರು ಹೀಗೇ” ಎಂಬ ಮಾತು ವಾರ್ಡಿನಲ್ಲಿ ತುಂಬ ಕೇಳಿದ್ದೇನೆ. ಸಮುದಾಯದಿಂದ ಸಮುದಾಯಕ್ಕೆ ನಿದ್ದೆಯ ಹೊತ್ತು ಬೇರೆಯಾಗುವುದು ಹೌದು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2014ರಲ್ಲಿ ಸಮೀಕ್ಷೆ ಮಾಡಿದಾಗ 7 ಗಂಟೆ ಅಥವಾ ಹೆಚ್ಚು ಮಲಗುವವರು ಬಿಳಿಯರಲ್ಲಿ ಶೇ 66.8, ಕರಿಯರಲ್ಲಿ ಶೇ 54.2 ಇದ್ದರು. ಇದನ್ನು ರಕ್ತದ ಗುಣ ಅಂತ ನಾನು ಒಪ್ಪುವುದಿಲ್ಲ. ರಾತ್ರಿ ಪಾಳಿ, ಗದ್ದಲದ ವಠಾರ, ದುಡ್ಡಿನ ಚಿಂತೆ, ತಾರತಮ್ಯದ ಒತ್ತಡ ಇವೆಲ್ಲ ನಿದ್ದೆ ಕಿತ್ತುಕೊಳ್ಳುತ್ತವೆ. ನಮ್ಮಲ್ಲಿ ಬೋಟಿನವರಿಗೂ ಗಲ್ಫಿನವರಿಗೂ ಇದೇ ಕಥೆ. ಹಾಗಾಗಿ ಪಕ್ಕದ ಮನೆಯವರ ಗಂಟೆಗೆ ಹೋಲಿಸಬೇಡಿ, ಅಮ್ಮನ ಹಿಂದಿನ ಅಭ್ಯಾಸಕ್ಕೆ ಹೋಲಿಸಿ.

ಇನ್ನೊಂದು, ಖಿನ್ನತೆ ಎರಡೂ ಕಡೆ ಎಳೆಯುತ್ತದೆ. ಖಿನ್ನತೆ ಅಳೆಯಲು ಡಾಕ್ಟ್ರು ಬಳಸುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ ನಿದ್ದೆ ಬಾರದಿರುವುದನ್ನೂ ಅತಿನಿದ್ದೆಯನ್ನೂ ಒಂದೇ ಪ್ರಶ್ನೆಯಲ್ಲಿ ಕೇಳುತ್ತಾರೆ, ಕಳೆದ ಎರಡು ವಾರದ್ದು. ಹಾಗಾಗಿ ತಮ್ಮನನ್ನೂ ಕರೆದುಕೊಂಡು ಹೋಗಿ. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಜೋರು ಗೊರಕೆ ಉಂಟಾದರೆ ಅದನ್ನೂ ಹೇಳಿ. ಮೆಡಿಕಲ್‌ನಿಂದ ನಿದ್ದೆ ಮಾತ್ರೆ ತಂದು ಕೊಡುವುದು ಮಾತ್ರ ಬೇಡವೇ ಬೇಡ.

ಉಳ್ಳಾಲದಿಂದ: ನಾವು ಬ್ಯಾರಿಗಳು. ಉಪವಾಸದ ತಿಂಗಳಲ್ಲಿ ಸಹರಿಗೆ (ನಸುಕಿಗೆ ಮೊದಲಿನ ಊಟಕ್ಕೆ) ಏಳುವುದರಿಂದ ಮನೆಯವರೆಲ್ಲರ ನಿದ್ದೆ ಏರುಪೇರಾಗುತ್ತದೆ. ಹಬ್ಬ ಕಳೆದು ಎಲ್ಲರದ್ದೂ ಸರಿಹೋದರೂ ಅಣ್ಣನದ್ದು ಹೋಗಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮೊದಲು ಫೋನ್ ಮಾಡಿದೆವು. 24 ಗಂಟೆಯೂ ಉಂಟು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಸ್ಪತ್ರೆಗೆ ಬರಲೊಪ್ಪದ ತಮ್ಮನಿಗೆ ಅಲ್ಲಿಂದ ಶುರುಮಾಡಬಹುದು.

ದೇರಳಕಟ್ಟೆಯಿಂದ: ಮುಖ್ಯವಾದದ್ದು ಬಿಟ್ಟುಹೋಯಿತು. ಅಮ್ಮನ ಹತ್ತಿರ ಕೂತು “ಬದುಕುವುದೇ ಬೇಡ ಅನಿಸುತ್ತದಾ” ಅಂತ ನೇರ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.