ನೇಮ್‌ಸ್ಪೇಸ್ ಅಳಿಸಿದರೆ ಲಿನಕ್ಸ್ ಕರ್ನಲ್ ಬೀಳುತ್ತಿದೆ, ಯಾರಾದರೂ ನೋಡಿ

ಕಡಲ_ಪೆಂಗ್ವಿನ್:
ಮೂರು ರಾತ್ರಿ ಹಾಳಾಯಿತು. ಪ್ಯಾಕೆಟ್ ಎಣಿಸುವ ಸಣ್ಣ ಕರ್ನಲ್ ಮಾಡ್ಯೂಲ್ ಬರೆದಿದ್ದೇನೆ. ಪ್ರತಿ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೂ (ಒಂದೇ ಮಷೀನ್ ಒಳಗಿನ ಪ್ರತ್ಯೇಕ ನೆಟ್‌ವರ್ಕ್) ಅದರದೇ ಲೆಕ್ಕ ಇರಲಿ ಅಂತ, ನೇಮ್‌ಸ್ಪೇಸ್ ಹುಟ್ಟುವಾಗ ನನ್ನ ಇನಿಟ್, ಹೋಗುವಾಗ ನನ್ನ ಎಕ್ಸಿಟ್ ಫಂಕ್ಷನ್ ಕರೆಯುವ ಪರ್‌ನೆಟ್_ಆಪರೇಶನ್ಸ್ ಬಳಸಿದೆ. ಎಣಿಕೆ ಸರಿ ಬರುತ್ತದೆ. ಆದರೆ 'ಐಪಿ ನೆಟ್‌ಎನ್‌ಎಸ್ ಡೆಲ್' ಕೊಟ್ಟು ನೇಮ್‌ಸ್ಪೇಸ್ ಅಳಿಸಿದ ಸ್ವಲ್ಪ ಹೊತ್ತಿಗೆ ಇಡೀ ಮಷೀನ್ ನಿಂತುಹೋಗುತ್ತದೆ. ತಪ್ಪೆಲ್ಲಿದೆ?

ಬಿಟ್_ಭಟ್ಟ:
ಅದರಲ್ಲಿ ಲೆಕ್ಕ ಇಡುವ ಸ್ಟ್ರಕ್ಟ್‌ನ ಸೈಜ್ ಕೊಟ್ಟಿದ್ದೀರಾ? ಐಡಿ ಮಾತ್ರ ಕೊಟ್ಟರೆ ಕರ್ನಲ್ ಜಾಗ ಕೊಡುವುದಿಲ್ಲ. ಆ ಜಾಗದ ವಿಳಾಸ ಕೊಡುವ ನೆಟ್_ಜೆನೆರಿಕ್‌ನಿಂದ ನಲ್ ಬರಬಹುದು.

ಕಡಲ_ಪೆಂಗ್ವಿನ್:
ಕೊಟ್ಟಿದ್ದೇನೆ. ಎಣಿಕೆ ಸರಿ ಬರುತ್ತದೆ ಅಂದೆನಲ್ಲ.

ಬಿಟ್_ಭಟ್ಟ:
ಆದರೂ ನೋಡಿ. ಸೈಜ್‌ಆಫ್ ಒಳಗೆ ಪಾಯಿಂಟರ್ ಹಾಕಿದ್ದರೆ 8 ಬೈಟ್ ಮಾತ್ರ ಸಿಗುತ್ತದೆ, ಪಕ್ಕದ ಮೆಮೊರಿ ಕೆಡುತ್ತದೆ. ನನಗೂ ಹಾಗೇ ಆಗಿತ್ತು.

ಕಡಲ_ಪೆಂಗ್ವಿನ್:
ಸ್ಟ್ರಕ್ಟೇ ಹಾಕಿದ್ದೇನೆ ಸ್ವಾಮಿ.

ಹಳೇ_ಹಾರ್ಡ್‌ಡಿಸ್ಕ್:
ಇಷ್ಟೆಲ್ಲಾ ಯಾಕೆ? ಒಂದು ಗ್ಲೋಬಲ್ ಹ್ಯಾಶ್ ಟೇಬಲ್ ಇಡಿ, ನೆಟ್ ಪಾಯಿಂಟರನ್ನೇ (ನೇಮ್‌ಸ್ಪೇಸ್‌ನ ಮೆಮೊರಿ ವಿಳಾಸ) ಕೀ ಮಾಡಿ.

ಬಿಟ್_ಭಟ್ಟ:
ಬೇಡವೇ ಬೇಡ. ಒಂದು ನೇಮ್‌ಸ್ಪೇಸ್ ಹೋದ ಮೇಲೆ ಅದೇ ವಿಳಾಸ ಹೊಸದಕ್ಕೆ ಸಿಗಬಹುದು. ಹಳೆಯ ಲೆಕ್ಕ ಹೊಸದರ ತಲೆಗೆ ಬರುತ್ತದೆ.

ಹಳೇ_ಹಾರ್ಡ್‌ಡಿಸ್ಕ್:
ಎಕ್ಸಿಟ್‌ನಲ್ಲಿ ತೆಗೆದರೆ ಆಯಿತಲ್ಲ. ನಾನು ಎಲ್ಲವನ್ನೂ ಕ್ಯೂಎಮು ವರ್ಚುವಲ್ ಮಷೀನ್ ಒಳಗೇ ಓಡಿಸುತ್ತೇನೆ. ಬಿಜಿಬಾಕ್ಸ್ ಇನಿಟ್, ಮೆಮೊರಿ ತಪ್ಪು ಹಿಡಿಯುವ ಕೇಸನ್ ಆನ್, 4 ಸೆಕೆಂಡಿಗೆ ಬೂಟ್.

ರಾತ್ರಿಪಾಳಿ:
ಊಪ್ಸ್ (ಕರ್ನಲ್ ಬಿದ್ದಾಗ ಬರುವ ವರದಿ) ನೋಡದೆ ಊಹೆ ಬೇಡ. ಕರ್ನಲ್ ಮೆಮೊರಿ ಹಂಚುವ ಸ್ಲಬ್‌ನ ಡಿಬಗ್ ಆನ್ ಮಾಡಿ, ಬಂದದ್ದನ್ನು ಇಲ್ಲಿ ಹಾಕಿ.

ಕಡಲ_ಪೆಂಗ್ವಿನ್:
ರಿಜಿಸ್ಟರ್ ತುಂಬಾ 6ಬಿ6ಬಿ6ಬಿ6ಬಿ. ಟ್ರೇಸ್‌ನಲ್ಲಿ ಕಾಲ್_ಟೈಮರ್_ಎಫ್‌ಎನ್ ಇದೆ.

ರಾತ್ರಿಪಾಳಿ:
6ಬಿ ಅಂದರೆ ಫ್ರೀ ಆದ ಮೆಮೊರಿಗೆ ಸ್ಲಬ್ ತುಂಬುವ ಗುರುತು. ಟೈಮರ್ ಇದೆ ಅಂತ ನೀವು ಹೇಳಲೇ ಇಲ್ಲ!

ಕಡಲ_ಪೆಂಗ್ವಿನ್:
5 ಸೆಕೆಂಡಿಗೊಮ್ಮೆ ಲೆಕ್ಕವನ್ನು ಲಾಗ್‌ಗೆ ಬರೆಯುತ್ತದೆ, ಅಷ್ಟೇ. ಅದೇ ಸ್ಟ್ರಕ್ಟ್ ಒಳಗಿದೆ. ಎಲ್ಲರೂ ಹಾಗೇ ಇಡುತ್ತಾರೆ ಅಲ್ವಾ?

ರಾತ್ರಿಪಾಳಿ:
ಇಡಬಹುದು, ಆದರೆ ನಿಲ್ಲಿಸಬೇಕು. ನಿಮ್ಮ ಎಕ್ಸಿಟ್ ಮುಗಿದ ಮೇಲೆ ಆ ಸ್ಟ್ರಕ್ಟನ್ನು ಕರ್ನಲ್ಲೇ ಕೆಫ್ರೀ ಮಾಡುತ್ತದೆ, ಅಂದರೆ ಅದರ ಮೆಮೊರಿ ಬಿಡುತ್ತದೆ. ಟೈಮರ್‌ಗೆ ಅದು ಗೊತ್ತಿಲ್ಲ. ಎಕ್ಸಿಟ್‌ನಲ್ಲಿ ಟೈಮರ್_ಶಟ್‌ಡೌನ್_ಸಿಂಕ್ ಕರೆಯಿರಿ. ಕರ್ನಲ್ 6.2ಕ್ಕಿಂತ ಹಳೆಯದಾದರೆ ಡೆಲ್_ಟೈಮರ್_ಸಿಂಕ್. ನೀವೇ ಕೆಫ್ರೀ ಮಾತ್ರ ಮಾಡಬೇಡಿ, ಎರಡು ಸಲ ಆಗುತ್ತದೆ.

ಬಿಟ್_ಭಟ್ಟ:
ಟೈಮರ್ ಪರವಾಗಿ ಗೆಟ್_ನೆಟ್ ಮಾಡಿ ನೇಮ್‌ಸ್ಪೇಸನ್ನು ಹಿಡಿದುಕೊಂಡರೆ?

ರಾತ್ರಿಪಾಳಿ:
ಹಿಡಿದರೆ ರೆಫರೆನ್ಸ್ ಎಣಿಕೆ ಸೊನ್ನೆಗೆ ಇಳಿಯುವುದೇ ಇಲ್ಲ. ಎಕ್ಸಿಟ್ ಬರುವುದಿಲ್ಲ, ನೇಮ್‌ಸ್ಪೇಸ್ ಹಾಗೇ ಉಳಿಯುತ್ತದೆ.

ಕಡಲ_ಪೆಂಗ್ವಿನ್:
ಶಟ್‌ಡೌನ್ ಹಾಕಿದೆ. ಲೂಪ್‌ನಲ್ಲಿ 200 ಸಲ ಮಾಡಿ ಅಳಿಸಿದೆ, ಒಮ್ಮೆಯೂ ಬೀಳಲಿಲ್ಲ. ತುಂಬಾ ಥ್ಯಾಂಕ್ಸ್! ಇನ್ನೊಂದು: ನೇಮ್‌ಸ್ಪೇಸ್ ಒಳಗೆ ಟಿಸಿಪಿಡಂಪ್ (ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಓಡುತ್ತಿದ್ದರೆ ಡೆಲ್ ಕೊಟ್ಟರೂ ಎಕ್ಸಿಟ್ ಬರುತ್ತಿಲ್ಲ.

ರಾತ್ರಿಪಾಳಿ:
ಡೆಲ್ ಹೆಸರನ್ನು ಮಾತ್ರ ತೆಗೆಯುತ್ತದೆ. ಒಳಗಿನ ಪ್ರೋಸೆಸ್ ಮುಗಿಯಬೇಕು.

ಬಿಟ್_ಭಟ್ಟ:
ಹಾರ್ಡ್‌ಡಿಸ್ಕ್ ಅವರೇ, ಆ ಕ್ಯೂಎಮು ಸ್ಕ್ರಿಪ್ಟ್ ಹಾಕ್ತೀರಾ? ನನ್ನದು ಬೂಟ್ ಆಗಲು 40 ಸೆಕೆಂಡ್ ಬೇಕು.